ಅಡುಗೆಮನೆ ಕಟ್ಟೆಯ ಮೇಲೆ ಹದಿನೆಂಟು ದಿನ

ಸರ್ಕಾರದ ಭಾಷಾಂತರ ಶಾಖೆಯಲ್ಲಿ ಇಪ್ಪತ್ತೊಂಬತ್ತು ವರ್ಷ ಇದ್ದೆ ಎಂದರೆ ಈಗಿನವರು, "ಹಾಗಾದ್ರೆ ಎಷ್ಟೊಂದು ಕಾದಂಬರಿ ಅನುವಾದ ಮಾಡಿರ್ತೀರಾ ಆಂಟಿ!" ಎನ್ನುತ್ತಾರೆ. ಕಾದಂಬರಿ ಎಲ್ಲಿಂದ ಬರಬೇಕು! ನಾನು ಮಾಡಿದ್ದು ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ, ಕೆರೆ ಒತ್ತುವರಿಯ ಬಗ್ಗೆ ಊರಿನವರ ತಕರಾರು, ಅಮಾನತಾದ ಗುಮಾಸ್ತನ ಹದಿನಾರು ಪುಟದ ಗೋಳು. ಕನ್ನಡದ್ದು ಇಂಗ್ಲಿಷಿಗೆ, ಇಂಗ್ಲಿಷಿನದು ಕನ್ನಡಕ್ಕೆ. ನನ್ನ ತಂಗಿಯ ಮಗಳು ವೀಣಾ ಈಗ ಅದೇ ಕೆಲಸಕ್ಕೆ ಸೇರಿದ್ದಾಳೆ. ಮೊನ್ನೆ ಫೋನ್ ಮಾಡಿ, "ದೊಡ್ಡಮ್ಮ, ಇದ್ರಲ್ಲಿ ಮುಖ್ಯ ಯಾವುದು, ಭಾಷೆನಾ ಕಾನೂನಾ?" ಎಂದು ಕೇಳಿದಳು. ಎರಡೂ ಅಲ್ಲ ಕಣೇ ಎಂದೆ. ಮತ್ತೇನು ಎಂದಳು. ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ಬಡ್ತಿ, ಸನ್ಮಾನದ ಸುದ್ದಿ ಇದರಲ್ಲಿ ಇಲ್ಲ. ಅವು ಕಾಲ ಬಂದಾಗ ಎಲ್ಲರಿಗೂ ಸಿಗುತ್ತವೆ.

ನಾನು ಗದಗಿನ ಕಡೆಯವಳು. ಎಪ್ಪತ್ತರ ದಶಕದ ನಡುವೆ ಪರೀಕ್ಷೆ ಬರೆದು ಆಯ್ಕೆಯಾದೆ. ನನ್ನ ಯಜಮಾನರಿಗೆ ಕಾರ್ಖಾನೆಯಲ್ಲಿ ಕೆಲಸ, ಮನೆ ಯಲಹಂಕದಲ್ಲಿ. ಕಚೇರಿ ಗಂಗಾನಗರದಲ್ಲಿ. ಮುಖ್ಯ ಕಚೇರಿಯಲ್ಲಿ ಜಾಗ ಸಾಲದೆ ನಮ್ಮ ಶಾಖೆಯನ್ನು ಅಲ್ಲಿಯ ಒಂದು ಬಾಡಿಗೆ ಮನೆಗೆ ತಳ್ಳಿದ್ದರು. ಯಾವ ಇಲಾಖೆ ಎಂಬುದು ಬೇಡ ಬಿಡಿ, ಎಲ್ಲ ಇಲಾಖೆಯೂ ಒಂದೇ. ಹಿರಿಯರು ನಡುಮನೆ, ರೂಮು ಎಲ್ಲ ಹಿಡಿದುಬಿಟ್ಟಿದ್ದರು. ಕೊನೆಗೆ ಬಂದ ನನಗೆ ಅಡುಗೆಮನೆ ಸಿಕ್ಕಿತು. ಕಾಗದ ಇಡಲು ಬೇರೆ ಕಪಾಟಿಲ್ಲ, ಒಲೆ ಇಡುವ ಕಲ್ಲಿನ ಕಟ್ಟೆಯೇ ನನ್ನ ಕಪಾಟು.

"ಹೆಂಗಸರಲ್ವಾ, ಅಡುಗೆಮನೆ ಅಭ್ಯಾಸ ಇರತ್ತೆ," ಎಂದು ಒಬ್ಬರು ನಕ್ಕರು.

"ಅಭ್ಯಾಸ ಐತ್ರೀ. ಆದ್ರ ನೀವು ಇಲ್ಲಿ ಉಣ್ಣಾಕ ಬರಬ್ಯಾಡ್ರಿ," ಎಂದೆ.

ಆಮೇಲೆ ನನ್ನನ್ನು ಕೆಣಕಲು ಯಾರೂ ಬರಲಿಲ್ಲ.

ನಮ್ಮ ಮೇಲಿದ್ದವರು ಶೇಷಗಿರಿರಾಯರು, ಶಾಖೆಯ ಸೂಪರಿಂಟೆಂಡೆಂಟ್. ತೆಳ್ಳಗಿನ ಮನುಷ್ಯ, ಮಾತು ಕಡಿಮೆ. ಕಚೇರಿಯ ಹಿತ್ತಲಲ್ಲಿ ಹೀರೆಬಳ್ಳಿ ಹಬ್ಬಿಸಿದ್ದರು, ಕಾಯಿ ಬಿಟ್ಟಾಗ ಪಾಳಿಯ ಮೇಲೆ ಎಲ್ಲರ ಚೀಲಕ್ಕೂ ಹಾಕುತ್ತಿದ್ದರು. ಕೆಲಸ ಕಲಿಸಿದವರು ಅವರೇ. "ಮೊದಲು ಪೆನ್ನು ಕೆಳಗಿಡಿ. ಕೊನೇ ಸಾಲಿನವರೆಗೂ ಓದಿ. ಬರೆದವನಿಗೆ ಏನು ಬೇಕು ಅಂತ ಗೊತ್ತಾದ ಮೇಲೆ ಪೆನ್ನು ಎತ್ತಿ," ಎನ್ನುತ್ತಿದ್ದರು. ಸೇರಿದ ಹೊಸತರಲ್ಲಿ ನಾನು ಒಂದು ಹಳ್ಳಿಯ ಕುಡಿಯುವ ನೀರಿನ ಅರ್ಜಿಯನ್ನು ಇಂಗ್ಲಿಷಿಗೆ ಮಾಡುವಾಗ ಎರಡು ಹಾಳೆ ಒಟ್ಟಿಗೆ ತಿರುವಿ, ನಡುವಿನ ಒಂದು ಪುಟವನ್ನೇ ಬಿಟ್ಟುಬಿಟ್ಟೆ. ಬಾವಿ ಎಲ್ಲಿದೆ ಎಂಬುದೇ ಆ ಪುಟದಲ್ಲಿತ್ತು. ರಾಯರು ಬೈಯಲಿಲ್ಲ. "ನೀವೇ ಮುಖ್ಯ ಕಚೇರಿಗೆ ಹೋಗಿ, ಪ್ರತಿ ವಾಪಸ್ ತಗೊಂಡು, ಸರಿ ಮಾಡಿ, ಮತ್ತೆ ನೀವೇ ಕೊಟ್ಟು ಬನ್ನಿ," ಎಂದರು. ಬಿಸಿಲಲ್ಲಿ ಎರಡು ಸಲ ಬಸ್ ಹತ್ತಿ ಇಳಿದೆ. ಅಂದಿನಿಂದ ಪುಟ ತಿರುವುವಾಗ ಹೆಬ್ಬೆರಳು ಒದ್ದೆ ಮಾಡಿಕೊಳ್ಳುವುದು ರೂಢಿಯಾಯಿತು. ಈಗಲೂ ಪತ್ರಿಕೆ ಓದುವಾಗ ಹಾಗೇ ಮಾಡುತ್ತೇನೆ, ಮೊಮ್ಮಕ್ಕಳು ಛೀ ಅನ್ನುತ್ತವೆ.

ಇಷ್ಟು ಒಳ್ಳೆಯ ರಾಯರಿಗೆ ಒಂದು ಚಪಲವಿತ್ತು. ತಿಂಗಳ ಕೊನೆಗೆ ಮುಖ್ಯ ಕಚೇರಿಗೆ ಹೋಗುವ ಕೆಲಸದ ಲೆಕ್ಕದ ತಃಖ್ತೆಯಲ್ಲಿ 'ಬಾಕಿ ಉಳಿದ ಕಾಗದ' ಎಂಬ ಕಲಮಿನ ಎದುರು 'ಇಲ್ಲ' ಎಂದೇ ಬರೆದು ಕಳಿಸಬೇಕು. ಬೇರೆ ಯಾವ ಶಾಖೆಗೂ ಆಗದ್ದು ನಮಗೆ ಆಗುತ್ತಿತ್ತು. ಹೇಗೆ? ಕಾಗದ ಬಂದ ದಿನ ನಾವು ಅದನ್ನು ಕೆಲಸದ ರಿಜಿಸ್ಟರಿಗೆ ಏರಿಸುತ್ತಲೇ ಇರಲಿಲ್ಲ. ಕೈಗೆತ್ತಿಕೊಂಡ ದಿನ 'ಬಂದಿದೆ' ಎಂದು ಬರೆಯುವುದು, ಮಾರನೆಯ ದಿನ 'ಮುಗಿದಿದೆ' ಎಂದು ಬರೆಯುವುದು. ಕಾಗದ ಅಲ್ಲಿಯವರೆಗೆ ಹತ್ತು ದಿನ ಕಟ್ಟೆಯ ಮೇಲೆ ಬಿದ್ದಿದ್ದರೂ ರಿಜಿಸ್ಟರಿನ ಲೆಕ್ಕದಲ್ಲಿ ಅದು ಇನ್ನೂ ಹುಟ್ಟಿಯೇ ಇಲ್ಲ. ನಾನು ಸೇರಿದಾಗಲೇ ಈ ಪದ್ಧತಿ ಇತ್ತು. ಸುಳ್ಳು ಎಂದು ನನಗಾಗಲಿ ಯಾರಿಗಾಗಲಿ ಅನ್ನಿಸಿರಲಿಲ್ಲ. ಎಲ್ಲರೂ ಮಾಡುವುದು ತಪ್ಪು ಎಂದು ಅಷ್ಟು ಬೇಗ ಹೊಳೆಯುವುದೂ ಇಲ್ಲ.

ಕಾಗದ ನಿಜವಾಗಿ ಬಂದ ದಿನ ಒಂದೇ ಒಂದು ಕಡೆ ದಾಖಲಾಗುತ್ತಿತ್ತು. ಮುಖ್ಯ ಕಚೇರಿಯಿಂದ ಸೈಕಲ್ ಮೇಲೆ ತಪಾಲು ತರುತ್ತಿದ್ದವರು ಸಯ್ಯದ್ ಸಾಹೇಬರು, ಗಡ್ಡ ನೆರೆತ ಹಿರಿಯರು. ಕಾಗದವನ್ನು ಕೈಯಾರೆ ಒಪ್ಪಿಸಿ ಸಹಿ ಪಡೆಯುವ ಒಂದು ಉದ್ದನೆಯ ಪುಸ್ತಕ ಅವರ ಬಳಿ ಇರುತ್ತಿತ್ತು, ಅದಕ್ಕೆ ಮುದ್ದಾಂ ಪುಸ್ತಕ ಎನ್ನುತ್ತಿದ್ದೆವು. ತುಂಬಿದ ಪುಸ್ತಕ ನಮ್ಮ ಕಚೇರಿಯ ಅಟ್ಟ ಸೇರುತ್ತಿತ್ತು. ಯಾರ ಕಾಗದ, ಎಷ್ಟು ಪುಟ ಎಂದು ಪ್ರತಿ ಸಾಲಿನಲ್ಲೂ ಬರೆದೇ ಸಹಿ ಕೇಳುವರು. "ಎಷ್ಟು ಬರೀತೀರಿ ಸಾಹೇಬ್ರೇ, ಒಟ್ಟು ಹತ್ತು ಕಾಗದ ಅಂತ ಹಾಕಿ ಸಾಕು," ಎಂದು ನಾವು ಗೇಲಿ ಮಾಡಿದರೆ, "ಹತ್ತು ಕಾಗದ ಅಂದ್ರೆ ಹತ್ತು ಜನ ಅಮ್ಮಾ," ಎಂದು ಮತ್ತೂ ನಿಧಾನವಾಗಿ ಬರೆಯುತ್ತಿದ್ದರು.

ಜೈಲಿನ ಕಾಗದಗಳು ನಮಗೆ ಹೊಸತಲ್ಲ. ತುರ್ತು ಪರಿಸ್ಥಿತಿಯ ದಿನಗಳಲ್ಲಿ ವಿಚಾರಣೆ ಇಲ್ಲದೆ ಒಳಗೆ ಕೂತವರ ಮನವಿಗಳು ಬರುತ್ತಿದ್ದವು. ಆಗ ಕೋರ್ಟಿಗೆ ಹೋಗುವ ಬಾಗಿಲೇ ಮುಚ್ಚಿತ್ತು. ಅವನ್ನು ಇಂಗ್ಲಿಷಿಗೆ ಮಾಡಿ ಕಳಿಸುವುದು ಬಾವಿಗೆ ಕಲ್ಲು ಹಾಕಿದಂತೆ, ಸದ್ದೂ ಕೇಳುತ್ತಿರಲಿಲ್ಲ. ಆ ಕಾಲ ಕಳೆದು ಬಾಗಿಲು ತೆರೆಯಿತು. ಆದರೆ ನಮ್ಮ ಕೈಗೆ ಅಂಟಿದ್ದ ಜಡ್ಡು ಹೋಗಿರಲಿಲ್ಲ ಎಂದು ಈಗ ಅನ್ನಿಸುತ್ತದೆ.

ಎಂಬತ್ತರ ದಶಕದ ಮೊದಲ ಭಾಗ. ಸೀಮೆಎಣ್ಣೆಗೆ ಹಾಹಾಕಾರ. ಕಾಳಸಂತೆಯಲ್ಲಿ ಮಾರುವವರನ್ನು ಮೊಕದ್ದಮೆ, ತೀರ್ಪು ಏನೂ ಇಲ್ಲದೆ ಆರು ತಿಂಗಳವರೆಗೆ ಒಳಗಿಡಲು ಸರ್ಕಾರಕ್ಕೆ ಕಾನೂನು ಕೊಟ್ಟಿದ್ದ ಅಧಿಕಾರವಿತ್ತು. ಹಾಗೆ ಹಿಡಿದವರಲ್ಲಿ ಬ್ಯಾಟರಾಯನಪುರದ ಆಂಜಿನಪ್ಪ ಒಬ್ಬ. ಡಿಪೋದಿಂದ ಎಣ್ಣೆ ತಂದು ಗಾಡಿ ತಳ್ಳಿಕೊಂಡು ಬೀದಿ ಬೀದಿ ಮಾರುವವನು. ವಿಚಾರಣೆಯೇ ಇಲ್ಲದೆ ಕೂಡಿಟ್ಟ ಮನುಷ್ಯನಿಗೆ ಒಂದೇ ಒಂದು ಹಕ್ಕು: ನನ್ನನ್ನು ಯಾಕೆ ಬಿಡಬೇಕು ಎಂದು ಸರ್ಕಾರಕ್ಕೆ ಬರೆದುಕೊಳ್ಳುವುದು. ಸರ್ಕಾರ ಅದನ್ನು ತಡಮಾಡದೆ ಓದಿ ಹೌದೋ ಅಲ್ಲವೋ ಹೇಳಬೇಕು. ತಡಮಾಡಿ, ತಡ ಯಾಕಾಯಿತು ಎಂದು ಹೇಳಲಾಗದಿದ್ದರೆ ಕೋರ್ಟು ಅವನನ್ನು ಬಿಟ್ಟುಬಿಡಬಹುದು. ಆಂಜಿನಪ್ಪ ಬರೆದ, ಕನ್ನಡದಲ್ಲಿ, ನಾಲ್ಕು ಪುಟ. ತೀರ್ಮಾನ ಮಾಡುವ ಅಧಿಕಾರಿಗೆ ಕನ್ನಡ ಬರುತ್ತಿರಲಿಲ್ಲ. ಕಾಗದ ಗಂಗಾನಗರಕ್ಕೆ ಬಂತು.

ಬಂದದ್ದು ಆ ತಿಂಗಳ ನಾಲ್ಕನೇ ತಾರೀಖು. ವಿಧಾನಸಭೆಯ ಅಧಿವೇಶನ ನಡೆಯುತ್ತಿತ್ತು. ಅಧಿವೇಶನ ಎಂದರೆ ನಮ್ಮ ಶಾಖೆಗೆ ಹೆರಿಗೆಮನೆಯ ಗಡಿಬಿಡಿ. ಶಾಸಕರ ಪ್ರಶ್ನೆಗಳ ಉತ್ತರ ಆಯಾ ದಿನವೇ ಹೋಗಬೇಕು, ಉಳಿದ ಲೋಕವೆಲ್ಲ ಕಾಯಬೇಕು. ಸಯ್ಯದ್ ಸಾಹೇಬರು ಒಂದು ಕಟ್ಟು ತಂದರು, ನಾನು ತಲೆ ಎತ್ತದೆ ಸಾಲಾಗಿ ಸಹಿ ಹಾಕಿದೆ. ಪ್ರಶ್ನೆಗಳನ್ನು ಮೇಜಿಗೆ ಎಳೆದುಕೊಂಡು ಮಿಕ್ಕದ್ದನ್ನು ಕಟ್ಟೆಗೆ ಸರಿಸಿದೆ. ಮಾರನೆಯ ದಿನ ಅದರ ಮೇಲೆ ಇನ್ನೊಂದು ಕಟ್ಟು ಬಿತ್ತು, ಅದರ ಮೇಲೆ ಮತ್ತೊಂದು.

ಒಂದು ವಾರ ಕಳೆದು, ಹನ್ನೊಂದನೇ ತಾರೀಖು ಮಧ್ಯಾಹ್ನ, ಒಬ್ಬ ಹೆಂಗಸು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಮೂವತ್ತರ ಆಸುಪಾಸು, ಹೆಗಲ ಮೇಲೆ ಸೆರಗು ಬಿಗಿದಿದ್ದಳು. ಆಂಜಿನಪ್ಪನ ಹೆಂಡತಿ ಪಿಳ್ಳಮ್ಮ.

"ಅಕ್ಕಾ, ನಮ್ಮೆಜಮಾನ್ರು ಜೈಲಿಂದ ಸರ್ಕಾರಕ್ಕೆ ಕಾಗ್ದ ಬರ್ದವ್ರಂತೆ. ದೊಡ್ಡಾಪೀಸ್ನಾಗೆ ಕೇಳುದ್ರೆ, ಗಂಗಾನಗರ್ದಾಗೆ ಇಂಗ್ಲೀಸು ಮಾಡೋರ ತಾವ ಓಗಿರ್ತದೆ ನೋಡು ಅಂದ್ರು."

"ಯಾವ ಊರು, ಹೆಸರೇನವ್ವಾ?"

"ಆಂಜಿನಪ್ಪ, ಬ್ಯಾಟ್ರಾಯನ್‌ಪುರ. ಸೀಮೆಣ್ಣೆ ಗಾಡಿ ಆಂಜಿನಪ್ಪ ಅಂದ್ರೆ ಯಾರಾದ್ರೂ ಏಳ್ತಾರೆ."

ನಾನು ರಿಜಿಸ್ಟರು ತೆರೆದೆ. ಬೆರಳಿಟ್ಟು ಮೇಲಿನಿಂದ ಕೆಳಗೆ ನೋಡಿದೆ. ಆ ಹೆಸರಿಲ್ಲ. ಇರುವುದಾದರೂ ಹೇಗೆ, ಕೈಗೆತ್ತಿಕೊಂಡ ಕಾಗದ ಮಾತ್ರ ಅಲ್ಲಿ ಇರುತ್ತದೆ ಎಂದು ಗೊತ್ತಿದ್ದವಳು ನಾನೇ. ಆದರೆ ವರ್ಷಗಟ್ಟಲೆ ಅದೇ ಪುಸ್ತಕ ನೋಡಿ ನೋಡಿ, ಪುಸ್ತಕದಲ್ಲಿ ಇಲ್ಲದ್ದು ಶಾಖೆಯಲ್ಲೇ ಇಲ್ಲ ಎಂದು ನನ್ನ ತಲೆಯೂ ನಂಬಿಬಿಟ್ಟಿತ್ತು.

"ಇಲ್ಲವ್ವಾ, ಇನ್ನೂ ಬಂದಿಲ್ಲ," ಎಂದೆ. ಅವಳು ಅಲ್ಲೇ ನಿಂತಿದ್ದಳು. ಪ್ರಶ್ನೋತ್ತರದ ಗಡಿಬಿಡಿಯಲ್ಲಿ ನನಗೆ ಸಿಟ್ಟು ಬಂತು. ರಿಜಿಸ್ಟರನ್ನು ಅವಳ ಕಡೆ ತಿರುಗಿಸಿ, "ನೋಡು, ಎಲ್ಲಾರ ಹೆಸರೂ ಇದರಾಗ ಐತಿ. ಇದರಾಗ ಇಲ್ಲಂದ್ರ ಕಾಗದಾನ ಇಲ್ಲ," ಎಂದೆ.

ಓದು ಬಾರದ ಆ ಹೆಂಗಸು ಪುಟವನ್ನು ಸ್ವಲ್ಪ ಹೊತ್ತು ನೋಡಿದಳು. ಕೈಮುಗಿದು ಹೋದಳು. ಅವಳ ಗಂಡನ ನಾಲ್ಕು ಪುಟ ಅವಳ ಬಲಗೈಯಿಂದ ಒಂದು ಮೊಳ ದೂರದಲ್ಲಿ, ಮೂರು ಕಟ್ಟುಗಳ ಕೆಳಗಿತ್ತು.

ಅಧಿವೇಶನ ಮುಗಿದು ಇಪ್ಪತ್ತೆರಡನೇ ತಾರೀಖು ಕಟ್ಟೆ ಖಾಲಿ ಮಾಡುವಾಗ ಆ ಕಾಗದ ಸಿಕ್ಕಿತು. ಹೆಸರು ನೋಡಿದ ಕೂಡಲೇ ಬಾಗಿಲಲ್ಲಿ ನಿಂತಿದ್ದ ಹೆಂಗಸು ನೆನಪಾದಳು. ಕೂತಲ್ಲೇ ಓದಿದೆ. ಪೆನ್ಸಿಲಿನಲ್ಲಿ ಬರೆದಿದ್ದ, ತಾರೀಖು ಹಾಕಿರಲಿಲ್ಲ. ಅವನ ಗಾಡಿಯಲ್ಲಿ ಬೇರೆಯವರ ಹನ್ನೊಂದು ರೇಷನ್ ಕಾರ್ಡು ಸಿಕ್ಕಿದ್ದೇ ಅವನ ಮೇಲಿನ ದೊಡ್ಡ ಆರೋಪ. ಅವನು ಬರೆದಿದ್ದ: "ಅವು ನಾನು ಕದ್ದದ್ದಲ್ಲ ಸ್ವಾಮಿ. ಕ್ಯೂ ನಿಲ್ಲಲು ಆಗದ ಮುದುಕರು, ಬಾಣಂತಿಯರು ನನ್ನ ಕೈಗೆ ಕೊಟ್ಟದ್ದು. ಎಣ್ಣೆ ತಂದು ಅವರವರ ಮನೆಗೆ ಕೊಡುತ್ತಿದ್ದೆ. ಒಬ್ಬೊಬ್ಬರನ್ನೂ ಕೇಳಿ ನೋಡಿ. ನನ್ನನ್ನು ಬಿಡುವುದು ತಡವಾದರೂ ಕಾರ್ಡುಗಳನ್ನು ಅವರಿಗೆ ಕೊಡಿಸಿ, ಒಲೆ ಹಚ್ಚಲು ಅವರಿಗೆ ಎಣ್ಣೆ ಇಲ್ಲ." ಕೆಳಗೆ ಹನ್ನೊಂದು ಮನೆಯವರ ಹೆಸರೂ ಇತ್ತು.

ಅವತ್ತೇ ಇಂಗ್ಲಿಷಿಗೆ ಮಾಡಿದೆ. ಮುದ್ದಾಂ ಪುಸ್ತಕದಲ್ಲಿ ನೋಡಿದರೆ ನಾಲ್ಕನೇ ತಾರೀಖಿನ ಎದುರು ನನ್ನ ಸಹಿ ಇತ್ತು. ರಾಯರ ಬಳಿ ಹೋಗಿ, "ಸರ್, ಇದು ನಾಲ್ಕನೇ ತಾರೀಖಿಗೇ ಬಂದದ್ದು," ಎಂದೆ.

"ಈಗ ಆಯ್ತಲ್ಲ, ಬೇಗ ಕಳಿಸಿಬಿಡಿ," ಎಂದರು.

ರಿಜಿಸ್ಟರಿನಲ್ಲಿ ಎಂದಿನಂತೆ 'ಬಂದಿದೆ: 22' ಎಂದು ಬರೆದು ಕಳಿಸಿದೆ. ಪಿಳ್ಳಮ್ಮನಿಗೆ ಒಂದು ಮಾತು ತಿಳಿಸಬಹುದಿತ್ತು. ನಾನು ದಿನಾ ಹೋಗುವ ಬಸ್ಸು ಬ್ಯಾಟರಾಯನಪುರದ ಮೇಲೆಯೇ ಹಾದುಹೋಗುತ್ತಿತ್ತು. ತಿಳಿಸಲಿಲ್ಲ. ನಾಚಿಕೆ, ಮತ್ತೆ ಹೆದರಿಕೆ.

ಮೂರು ದಿನದಲ್ಲಿ ಸರ್ಕಾರ ಅವನ ಮನವಿಯನ್ನು ತಿರಸ್ಕರಿಸಿತು. ಪಿಳ್ಳಮ್ಮ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದಳು. ಮನುಷ್ಯನನ್ನು ಯಾವ ಅಧಿಕಾರದಿಂದ ಕೂಡಿಟ್ಟಿದ್ದೀರಿ ತೋರಿಸಿ ಎಂದು ಹೈಕೋರ್ಟು ಸರ್ಕಾರವನ್ನು ಕೇಳುವ ಅರ್ಜಿ ಅದು. ಆ ಹೊತ್ತಿಗೆ ಅವನು ಒಳಗೆ ಹೋಗಿ ಎರಡೂವರೆ ತಿಂಗಳಾಗಿತ್ತು. ಇನ್ನೂ ಮೂರೂವರೆ ತಿಂಗಳು ಉಳಿದಿತ್ತು.

ಸರ್ಕಾರದ ಪರವಾಗಿ ಕೋರ್ಟಿಗೆ ಕೊಡುವ ಪ್ರಮಾಣಪತ್ರದ ಕರಡು, ತಾರೀಖು ತಾಳೆ ನೋಡಲು ನಮ್ಮ ಶಾಖೆಗೆ ಬಂತು. ಓದಿದೆ. 'ಬಂಧಿಯ ಮನವಿ ಭಾಷಾಂತರ ಶಾಖೆಗೆ ಬಂದದ್ದು 22ರಂದು. ಮೂರೇ ದಿನದಲ್ಲಿ ತೀರ್ಮಾನವಾಗಿದೆ, ತಡವೆಂಬುದೇ ಇಲ್ಲ. ತಾನು 11ರಂದು ಶಾಖೆಗೆ ಹೋಗಿ ವಿಚಾರಿಸಿದಾಗ ಕಾಗದ ಬಂದಿರಲಿಲ್ಲವೆಂದು ಅರ್ಜಿದಾರಳೇ ಒಪ್ಪಿದ್ದಾಳೆ.' ಅಯ್ಯೋ ದೇವರೇ ಎಂದುಕೊಂಡೆ. ನಾನು ಅವಳಿಗೆ ಹೇಳಿದ ಮಾತನ್ನು ಅವಳು ಪಾಪ ಇದ್ದದ್ದು ಇದ್ದ ಹಾಗೆ ವಕೀಲರಿಗೆ ಹೇಳಿದ್ದಾಳೆ. ಈಗ ಅದೇ ಮಾತು ಅವಳ ಗಂಡನ ಕುತ್ತಿಗೆಗೆ ಬಂದಿದೆ. ಕಾಗದದಲ್ಲಿ ತಾರೀಖಿಲ್ಲ. ಜೈಲಿನವರು ಬಂಧಿಗಳ ಕಾಗದವನ್ನೆಲ್ಲ ಒಂದೇ ಕಟ್ಟಾಗಿ ಕಳಿಸಿದ್ದರು, ಹೆಸರು ಬರೆದಿರಲಿಲ್ಲ. ಕನ್ನಡದ ಕಾಗದಕ್ಕೆ ಮುಖ್ಯ ಕಚೇರಿ ನಂಬರು ಕೊಡುವುದೇ ಇಂಗ್ಲಿಷ್ ಪ್ರತಿ ತಯಾರಾದ ಮೇಲೆ. ಕಾಗದ ಬಂದ ದಿನಕ್ಕೆ ಲೋಕದಲ್ಲಿ ಉಳಿದಿದ್ದ ಸಾಕ್ಷಿ ಎಂದರೆ ಮುದ್ದಾಂ ಪುಸ್ತಕ ಮತ್ತು ನಾನು.

ಕರಡಿನ ಜೊತೆ ಒಂದು ಹಾಳೆ ಇತ್ತು: 'ಮೇಲ್ಕಂಡ ಮನವಿ 22ರಂದು ಶಾಖೆಗೆ ಬಂದದ್ದು ನಿಜ ಎಂದು ದೃಢೀಕರಿಸುತ್ತೇನೆ.' ಕೆಳಗೆ ನನ್ನ ಸಹಿಗೆ ಜಾಗ. ಹಿಡಿದುಕೊಂಡು ರಾಯರ ರೂಮಿಗೆ ಹೋದೆ.

"ಸರ್, ಇದಕ್ಕೆ ನನ್ ಕೈಲಿ ಸಹಿ ಹಾಕಕ್ಕಾಗಲ್ಲ."

"ಯಾಕಮ್ಮಾ? ರಿಜಿಸ್ಟರಲ್ಲಿ ಇಪ್ಪತ್ತೆರಡು ಅಂತಾನೇ ಇದೆಯಲ್ಲ?"

"ಮುದ್ದಾಂ ಪುಸ್ತಕದಾಗ ನಾಲ್ಕು ಅಂತ ಐತ್ರೀ. ಅಲ್ಲೂ ನನ್ನ ಸಹಿನ ಐತಿ."

"ಆ ಪುಸ್ತಕ ತುಂಬಿಹೋಯ್ತು, ಅಟ್ಟದ ಮೇಲಿದೆ. ಕೋರ್ಟು ಕೇಳಿದ್ರೆ ಕೊಡೋಣ. ಕೇಳಿಲ್ವಲ್ಲ?" ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೋಡಿ, ನನ್ನ ಸರ್ವೀಸು ಇನ್ನು ಏಳು ತಿಂಗಳು. ನಿಮ್ಗೆ ಇನ್ನೂ ಇಪ್ಪತ್ತು ವರ್ಷ ಇದೆ. ನಿಮ್ಮನ್ನ ಉಳಿಸೋಕೆ ಹೇಳ್ತಿರೋದು. ಒಂದು ಕಾಗದ ಹೊರಗೆ ಬಂದ್ರೆ, ಇಷ್ಟು ವರ್ಷದ ರಿಜಿಸ್ಟರೆಲ್ಲ ತೆಗೀತಾರೆ."

"ಆ ಮನುಷ್ಯಾ ಇನ್ನೂ ಮೂರೂವರೆ ತಿಂಗಳು ಒಳಗ ಕುಂದರಬೇಕಲ್ರೀ ಸರ್, ನಮ್ಮ ರಿಜಿಸ್ಟರ್ ಸಲುವಾಗಿ."

"ಅವನು ಕಾಳಸಂತೇಲಿ ಮಾರಿಲ್ಲ ಅಂತ ನಿಮ್ಗೆ ಗೊತ್ತಾ?"

"ಗೊತ್ತಿಲ್ರೀ. ಯಾರಿಗೂ ಗೊತ್ತಿಲ್ಲ. ಅವನು ಬರೆದದ್ದನ್ನ ಹದಿನೆಂಟು ದಿನ ಯಾರೂ ಓದಲಿಲ್ಲ, ಅದಷ್ಟ ನನಗ ಗೊತ್ತು."

ನಾನು ಸಹಿ ಹಾಕದ ಹಾಳೆಯನ್ನು ಅವರ ಮೇಜಿನ ಮೇಲಿಟ್ಟು ಬಂದೆ. ಎರಡು ದಿನ ಹಾಗೇ ಕಳೆಯಿತು. ಕೆಲಸ ಹೋದರೆ ಮನೆ ನಡೆಯುವುದು ಹೇಗೆ ಎಂಬ ಯೋಚನೆ ಒಂದು ಕಡೆ. ಬಸ್ಸು ಬ್ಯಾಟರಾಯನಪುರದಲ್ಲಿ ನಿಂತಾಗ ನಾನು ಮುಖವನ್ನು ಆ ಕಡೆ ಕಿಟಕಿಗೆ ತಿರುಗಿಸಿ ಕೂರುತ್ತಿದ್ದೆ. ಒಂದು ದಿನ ಪಿಳ್ಳಮ್ಮ ಅದೇ ಬಸ್ಸು ಹತ್ತಿದಳು, ಕೈಯಲ್ಲಿ ಬಟ್ಟೆ ಸುತ್ತಿದ ಬುತ್ತಿ. ನನ್ನನ್ನು ಗುರುತು ಹಿಡಿದು, "ಆಪೀಸ್ಗಾ ಅಕ್ಕಾ?" ಎಂದು ನಕ್ಕಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಯಜಮಾನರಿಗೆ ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡು, "ನೀನು ಆಗ್ಲೇ ತೀರ್ಮಾನ ಮಾಡಾಗಿದೆ, ಸುಮ್ನೆ ನನ್ನ ಕೇಳ್ತಿದ್ದೀಯ," ಎಂದರು.

ಮಾರನೆಯ ಬೆಳಗ್ಗೆ ಕಚೇರಿಗೆ ಹೋದ ತಕ್ಷಣ ಸ್ಟೂಲು ತಂದು ಅಟ್ಟದ ಕೆಳಗೆ ಇಟ್ಟೆ. ಸೀರೆ ಎತ್ತಿ ಸಿಕ್ಕಿಸಿಕೊಂಡು ಹತ್ತಿದೆ. ಸ್ಟೂಲು ಅಲ್ಲಾಡಿತು. ಯಾರೋ ಬಂದು ಗಟ್ಟಿಯಾಗಿ ಹಿಡಿದರು. ಬಗ್ಗಿ ನೋಡಿದರೆ ರಾಯರು.

"ಎಡಗಡೆ ಮೂಲೆಲಿದೆ, ಕೆಂಪು ರಟ್ಟು," ಎಂದರು. ನಾನು ಪುಸ್ತಕ ಹಿಡಿದು ಇಳಿದ ಮೇಲೆ, "ಆ ಪದ್ಧತಿ ಶುರು ಮಾಡಿದ್ದು ನಾನು. ಹಾಗಂತಲೂ ಹೇಳಿ," ಎಂದು ತಮ್ಮ ರೂಮಿಗೆ ಹೋದರು. ಅವರ ಮೇಲೆ ನನಗಿದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಪುಸ್ತಕವನ್ನು ನೇರವಾಗಿ ಸರ್ಕಾರಿ ವಕೀಲರ ಬಳಿ ಒಯ್ದೆ. ಅವರು ಎರಡೂ ತಾರೀಖು ನೋಡಿದರು. "ನನ್ನ ಕೇಸನ್ನ ನೀವೇ ಮುಳುಗಿಸ್ತಿದ್ದೀರಲ್ಲಮ್ಮಾ," ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಇದನ್ನ ನೋಡಿದ ಮೇಲೆ ಆ ಪ್ರಮಾಣಪತ್ರ ನಾನು ಕೊಡೋ ಹಾಗಿಲ್ಲ. ನಾಳೆ ನೀವೂ ಬನ್ನಿ," ಎಂದರು.

ಮರುದಿನ ಕೋರ್ಟಿನಲ್ಲಿ ಇಬ್ಬರು ನ್ಯಾಯಮೂರ್ತಿಗಳು. ಸರ್ಕಾರಿ ವಕೀಲರು ಎದ್ದು, ತಾವು ಕೊಡಬೇಕಾಗಿದ್ದ ತಾರೀಖು ತಪ್ಪೆಂದು ಹೇಳಿ ಮುದ್ದಾಂ ಪುಸ್ತಕವನ್ನು ಮೇಲೆ ಕೊಟ್ಟರು. ಹಿರಿಯ ನ್ಯಾಯಮೂರ್ತಿ ಪುಟ ನೋಡಿ, ನನ್ನನ್ನು ಮುಂದೆ ಕರೆದು ಕನ್ನಡದಲ್ಲೇ ಕೇಳಿದರು.

"ನಾಲ್ಕನೇ ತಾರೀಖಿನ ಎದುರು ಇರೋ ಸಹಿ ನಿಮ್ಮದೇನಮ್ಮ?"

"ಹೌದು ಸ್ವಾಮಿ."

"ಹಾಗಾದ್ರೆ ರಿಜಿಸ್ಟರಿನಲ್ಲಿರೋ ಇಪ್ಪತ್ತೆರಡು?"

"ಅದೂ ನನ್ನ ಬರಹವೇ. ಅದು ನಾನು ಕಾಗದ ಕೈಗೆ ತಗೊಂಡ ದಿನ, ಬಂದ ದಿನ ಅಲ್ಲ. ನಮ್ಮಲ್ಲಿ ಹಾಗೆ ಬರೆಯೋ ಪದ್ಧತಿ."

"ನಡುವೆ ಹದಿನೆಂಟು ದಿನ ಏನಾಯಿತು?"

ಅಧಿವೇಶನ, ಪ್ರಶ್ನೋತ್ತರ ಎಂದೆಲ್ಲ ಹೇಳಬೇಕೆಂದು ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದೆ. ಬಾಯಿಗೆ ಬಂದದ್ದು ಬೇರೆ. "ಏನೂ ಆಗಲಿಲ್ಲ ಸ್ವಾಮಿ. ಕಾಗದ ನನ್ನ ಪಕ್ಕದಲ್ಲೇ ಇತ್ತು, ನಾನು ತೆಗೆದು ನೋಡಲಿಲ್ಲ."

ಅವರು ಪಕ್ಕದವರೊಡನೆ ಮೆಲ್ಲಗೆ ಮಾತಾಡಿ ಆದೇಶ ಬರೆಸಿದರು. ಈ ಮನುಷ್ಯ ತಪ್ಪು ಮಾಡಿದ್ದಾನೋ ಇಲ್ಲವೋ ನಾವು ಹೇಳುತ್ತಿಲ್ಲ. ವಿಚಾರಣೆಯಿಲ್ಲದೆ ಕೂಡಿಟ್ಟವನ ಮಾತನ್ನು ಕೇಳಿಸಿಕೊಳ್ಳಲು ತೆಗೆದುಕೊಂಡ ಒಂದೊಂದು ದಿನಕ್ಕೂ ಸರ್ಕಾರ ಕಾರಣ ಕೊಡಬೇಕು. ಇಲ್ಲಿ ಕೊಡಲು ಕಾರಣವಿಲ್ಲ. ಕೂಡಲೇ ಬಿಡತಕ್ಕದ್ದು. ಇಷ್ಟೇ ಅದರ ಸಾರ.

ಆಮೇಲೆ ನಮ್ಮ ಶಾಖೆಯಲ್ಲಿ ಆಗಬೇಕಾದ್ದೆಲ್ಲ ಆಯಿತು. ನನಗೆ ಕಾರಣ ಕೇಳಿ ನೋಟಿಸು ಬಂತು, ಒಂದು ವರ್ಷದ ಇಂಕ್ರಿಮೆಂಟು ನಿಂತಿತು. ರಾಯರಿಗೆ ಛೀಮಾರಿಯ ಪತ್ರ ಬಂತು. ಅದನ್ನು ಅವರು ಯಾರಿಗೂ ತೋರಿಸದೆ ಮಡಿಸಿಟ್ಟುಕೊಂಡು, ಏಳು ತಿಂಗಳ ನಂತರ ಸುಮ್ಮನೆ ನಿವೃತ್ತರಾದರು. ಆ ಏಳು ತಿಂಗಳೂ ತಃಖ್ತೆಯಲ್ಲಿ ಬಾಕಿ ಎಷ್ಟೋ ಅಷ್ಟನ್ನೇ ಬರೆದರು. ಕಾಗದ ಬಂದ ಗಳಿಗೆಯಲ್ಲೇ ದಿನ, ಹೊತ್ತು ಎರಡನ್ನೂ ರಿಜಿಸ್ಟರಿಗೆ ಏರಿಸುವ ನಿಯಮ ಬಂತು. ಜೈಲಿನ ಕಾಗದವನ್ನು ಅಧಿವೇಶನವಿರಲಿ, ಏನೇ ಇರಲಿ, ಅದೇ ದಿನ ಮುಗಿಸಬೇಕೆಂದಾಯಿತು. ಈಗ ಕಂಪ್ಯೂಟರು ಬಂದಿದೆ, ತಾರೀಖನ್ನು ಅದೇ ಹಾಕುತ್ತದೆಯಂತೆ. ಆದರೂ ವೀಣಾ, ಯಾರಾದರೂ ಬಂದು ನನ್ನ ಕಾಗದ ಎಲ್ಲಿ ಎಂದು ಕೇಳಿದರೆ ಪರದೆಯನ್ನು ಮಾತ್ರ ನೋಡಿ ಇಲ್ಲ ಅನ್ನಬೇಡ. ಎದ್ದು ಹುಡುಕು. ನೀನು ಕೇಳಿದ್ದಕ್ಕೆ ನನ್ನ ಉತ್ತರ ಅಷ್ಟೇ.

ಆ ದಿನ ಕೋರ್ಟಿನ ಹೊರಗೆ ಆದದ್ದನ್ನು ಹೇಳಿಬಿಡುತ್ತೇನೆ. ಆದೇಶದ ಪ್ರತಿಗಾಗಿ ವಕೀಲರು ಒಳಗೆ ಹೋಗಿದ್ದರು. ಪಿಳ್ಳಮ್ಮ ಕಾರಿಡಾರಿನ ಕಂಬಕ್ಕೆ ಒರಗಿ ನಿಂತಿದ್ದಳು. ಗಂಡ ಸಂಜೆಗೆ ಹೊರಗೆ ಬರುತ್ತಾನೆ, ಇವಳ ಮುಖದಲ್ಲಿ ಸಂತೋಷವೇ ಇಲ್ಲ. ಬೈಸಿಕೊಳ್ಳಲು ತಯಾರಾಗಿಯೇ ನಾನು ಹತ್ತಿರ ಹೋದೆ.

"ನೀ ಬಂದ ದಿನ ಕಾಗದ ಅಲ್ಲೇ ಇತ್ತವ್ವಾ. ನನ್ನದು ತಪ್ಪಾತು," ಎಂದೆ.

ಅವಳು ಬೈಯಲಿಲ್ಲ. ನನ್ನನ್ನು ನೋಡಲೂ ಇಲ್ಲ.

"ಅವ್ರಿಗೆ ನಾಕಕ್ಸರ ಬರ್ತದೆ, ನಂಗೆ ಬರಕ್ಕಿಲ್ಲ. ಜೈಲ್ಗೆ ಓದಾಗೆಲ್ಲ ಬರೀರಿ ಬರೀರಿ ಅಂತಿದ್ದೆ. ಬರ್ದಿವ್ನಿ ಕಣೇ, ಕೊಟ್ಟೂ ಆಯ್ತು ಅಂದ್ರು. ಅದುಕ್ಕೇ ನಿಮ್ತಾವ ಬಂದಿದ್ದು." ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು. "ನೀವು ಪುಸ್ತಕ ತೋರ್ಸುದ್ರಲ್ಲಾ ಅಕ್ಕಾ, ಅಲ್ಲಿಂದ ಸೀದಾ ಜೈಲ್ಗೋದೆ. ಸುಳ್ಳೇಳ್ತೀಯಾ ನನ್ತಾವ, ಬರ್ದೇ ಇಲ್ಲ ನೀನು, ಆಪೀಸ್ನೋರು ಬುಕ್ಕೇ ತೆಗ್ದು ತೋರ್ಸುದ್ರು ಅಂತ ಎಲ್ರೆದುರ್ಗೂ ಬೈದ್ಬಿಟ್ಟೆ. ಆವತ್ನಿಂದ ಬುತ್ತಿ ಈಸ್ಕತಾರೆ, ಮಾತಾಡಕ್ಕಿಲ್ಲ. ಇವತ್ತು ಆ ಜಡ್ಜಪ್ಪ ಏಳೋಗಂಟ ನಾನು ಬೈದ್ಮೇಲೇ ಅವ್ರು ಬರ್ದವ್ರೆ ಅಂತಾನೇ ಅಂದ್ಕಂಡಿದ್ದೆ. ಈಗ ಓಗಿ ಏನಂತ ಮಕ ತೋರ್ಸ್ಲಿ?"

ನೋಟಿಸಿಗೆ, ಕೆಲಸಕ್ಕೆ, ಕೋರ್ಟಿಗೆ ಹೆದರಿದ್ದ ನಾನು ಇದನ್ನು ಎಣಿಸಿಯೇ ಇರಲಿಲ್ಲ. ನನ್ನ ಒಂದು ಮಾತನ್ನು ಅವಳು ಕಟ್ಟಿಕೊಂಡ ಗಂಡನ ಮಾತಿಗಿಂತ ಹೆಚ್ಚು ನಂಬಿದ್ದಳು. ಕಣ್ಣಲ್ಲಿ ನೀರು ಬಂತು, ಒರೆಸಿಕೊಂಡೆ.

"ನಾನೂ ಬರ್ತೀನಿ ನಡಿ," ಎಂದೆ.

ಜೈಲಿನ ಬಾಗಿಲ ಹತ್ತಿರ ನಾವಿಬ್ಬರೂ ಸಂಜೆ ಐದರವರೆಗೆ ನಿಂತೆವು. ಸಣ್ಣ ಬಾಗಿಲು ತೆರೆದು ಆಂಜಿನಪ್ಪ ಬಗ್ಗಿ ಹೊರಗೆ ಬಂದ. ಗಡ್ಡ ಬೆಳೆದಿತ್ತು. ಹೆಂಡತಿಯನ್ನು ನೋಡಿ ನಿಂತಲ್ಲೇ ನಿಂತ. ನಾನು ಮುಂದೆ ಹೋಗಿ ಕೈಮುಗಿದೆ.

"ನಿಮ್ಮ ಕಾಗದ ನನ್ನ ಹತ್ರಾನೇ ಇತ್ತಪ್ಪಾ, ನಾಲ್ಕನೇ ತಾರೀಖಿಂದ. ಇವರು ಬಂದು ಕೇಳಿದ್ರು. ಇಲ್ಲ ಅಂತ ಹೇಳಿದವಳು ನಾನು."

ಅವನು ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡ. ಪಿಳ್ಳಮ್ಮನ ಕಡೆ ತಿರುಗಿ, ಮೆಲ್ಲಗೆ ಕೇಳಿದ:

"ಬರ್ದಿವ್ನಿ ಅಂತ ಏಳಿದ್ನಾ, ಇಲ್ವಾ?"

"ಏಳಿದ್ರಿ," ಎಂದಳು ಅವಳು, ಅಳಲು ಶುರು ಮಾಡಿದಳು.